ಅಥೆನ್ಸಿನ ಬೋಕಿ, ಆಳಂದದ ಕ್ಲಾಸು

ಹೋದ ತಿಂಗಳು ಜೇವರ್ಗಿಯಿಂದ ಒಂದು ಫೋನು ಬಂತು. ಅಶ್ವಿನಿ ಎಂಬ ಹುಡುಗಿ, ನನ್ನ ಹಳೆಯ ಶಿಷ್ಯೆಯೊಬ್ಬಳ ಮಗಳು. ಅಲ್ಲಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಲು ಹೊಸದಾಗಿ ಸೇರಿದ್ದಾಳೆ. ನಮಸ್ಕಾರ ಮುಗಿಯುವ ಮೊದಲೇ ಗೋಳು ಶುರುವಾಯಿತು.

"ಸರ್, ಮೊದಲನೇ ಅಧ್ಯಾಯನೇ ಗ್ರೀಕ್ ಅದರಿ. ಆಧುನಿಕ ರಾಜಕೀಯ ಚಿಂತನೆಯ ಮ್ಯಾಲ ಪ್ರಾಚೀನ ಗ್ರೀಕ್ ಮೌಲ್ಯಗಳ ಪ್ರಭಾವ. ಅಷ್ಟು ಬೋರ್ಡಿನ ಮ್ಯಾಲ ಬರದು ತಿರುಗೂದ್ರಾಗ ಹಿಂದಿನ ಎರಡು ಬೆಂಚು ಮಲಗಿರ್ತಾವ್ರಿ."

"ಮುಂದಿನ ಬೆಂಚು?"

"ಅವು ಕಣ್ಣು ತೆರಕೊಂಡು ಮಲಗ್ತಾವ್ರಿ."

ಎಷ್ಟು ಖುಷಿಯಾಯಿತೆಂದರೆ, ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಗಿದ್ದೂ ಗೊತ್ತಾಗಲಿಲ್ಲ. ನಿವೃತ್ತನಾದ ಮೇಲೆ ನನ್ನನ್ನು ಈ ಅಧ್ಯಾಯದ ಬಗ್ಗೆ ಕೇಳಿದವರು ಒಬ್ಬರಿಲ್ಲ. ಬಿ.ಪಿ. ಎಷ್ಟಿದೆ ಎಂದು ಕೇಳುತ್ತಾರೆ, ಮಂಡಿ ಹೇಗಿದೆ ಎಂದು ಕೇಳುತ್ತಾರೆ. ಅಥೆನ್ಸ್ ಹೇಗಿದೆ ಎಂದು ಯಾರು ಕೇಳುತ್ತಾರೆ? ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು, ಬರೆದು ಕಳಿಸುತ್ತೇನೆ ಎಂದೆ. ಬರೆಯುತ್ತ ಕುಳಿತ ಮೇಲೆ ಅನಿಸಿತು, ಈ ಕೆಲಸಕ್ಕೆ ಹೊಸದಾಗಿ ಬರುವ ಎಲ್ಲರೂ ಓದಲಿ. ಜೇವರ್ಗಿ, ಅಫಜಲಪುರ, ಆಳಂದ ಈ ಮೂರು ಊರುಗಳಲ್ಲಿ ನನ್ನ ನೌಕರಿ ಕಳೆಯಿತು. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬಿಡುತ್ತೇನೆ, ಅದನ್ನು ನೆನೆದರೆ ನನಗೇ ಆಕಳಿಕೆ ಬರುತ್ತದೆ. ಗೆದ್ದದ್ದು ಎರಡು ಪ್ರಸಂಗ, ಸೋತದ್ದು ಒಂದು. ಸೋತದ್ದನ್ನೇ ಹೆಚ್ಚು ಹೇಳುವವನಿದ್ದೇನೆ.

ಜೇವರ್ಗಿಯಿಂದಲೇ ಶುರು ಮಾಡುತ್ತೇನೆ. ಅಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯರನ್ನು ಎಲ್ಲರೂ 'ಕಾಕಾ' ಎನ್ನುತ್ತಿದ್ದೆವು. ಸೇರಿದ ಮೊದಲ ದಿನವೇ ಕರೆದು, ಪೇಪರಿನ ರಟ್ಟು ಹಾಕಿದ ಒಂದು ನೋಟ್‌ಬುಕ್ ಕೈಗಿಟ್ಟರು. ಹಾಳೆಗಳು ಬಾಡಿದ ಅರಿಶಿನದ ಬಣ್ಣಕ್ಕೆ ತಿರುಗಿದ್ದವು.

"ಇದನ್ನ ನೀ ಓದು, ಹುಡುಗರು ಬರಕೋತಾರ," ಎಂದರು. "ಬರಕೊಂಡದ್ದು ಪರೀಕ್ಷಾದಾಗ ಬರೀತಾರ. ಪಾಸಾಗ್ತಾರ. ನಡುವ ನೀ ಬರಬ್ಯಾಡ."

ಒಂದು ವರ್ಷ ನಡುವೆ ಬರಲಿಲ್ಲ. 'ನಗರ-ರಾಜ್ಯವು ಸದ್ಗುಣದ ಪಾಠಶಾಲೆಯಾಗಿತ್ತು, ಅಲ್ಪವಿರಾಮ' ಎಂದು ಓದಿದೆ. ಹುಡುಗರು ಅಲ್ಪವಿರಾಮ ಎಂಬ ಶಬ್ದವನ್ನೂ ಸೇರಿಸಿ ಬರೆದುಕೊಂಡರು. ಎರಡನೆಯ ವರ್ಷ ಒಬ್ಬ ಹುಡುಗ ಪೆನ್ನು ಕೆಳಗಿಟ್ಟು ಕೇಳಿದ: "ಸರ್, ಈ ನಗರ-ರಾಜ್ಯ ಅಂದ್ರ ಎಷ್ಟು ದೊಡ್ಡದರಿ? ಕಲಬುರಗಿಯಷ್ಟೇನು, ನಮ್ಮ ಜೇವರ್ಗಿಯಷ್ಟೇನು?"

ನೋಟ್‌ಬುಕ್ಕಿನಲ್ಲಿ ಅದು ಇರಲಿಲ್ಲ. ನನಗೂ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆಂದು ತಪ್ಪಿಸಿಕೊಂಡು, ರವಿವಾರ ಕಲಬುರಗಿಗೆ ಹೋಗಿ ದೊಡ್ಡ ಗ್ರಂಥಾಲಯದಲ್ಲಿ ಕುಳಿತೆ. ಅಲ್ಲಿ ನನ್ನ ಕಣ್ಣು ತೆರೆಯಿತು. ಅಥೆನ್ಸಿನಲ್ಲಿ ಸಭೆಗೆ ಬಂದು ಕೈ ಎತ್ತುವ ಹಕ್ಕಿದ್ದವರನ್ನೆಲ್ಲ ಒಟ್ಟುಗೂಡಿಸಿದರೂ ನಮ್ಮ ಒಂದು ತಾಲ್ಲೂಕಿನ ಮತದಾರರಿಗಿಂತ ಕಡಿಮೆ! ಅವರು ಬಯಲು ಗುಡ್ಡದ ಮೇಲೆ ಕೂಡುತ್ತಿದ್ದರು. ಒಬ್ಬ ಎದ್ದು ಕೂಗಿ ಕೇಳುತ್ತಿದ್ದ, ಯಾರಿಗೆ ಮಾತಾಡುವುದಿದೆ ಎಂದು. ಚಮ್ಮಾರನೂ ಏಳಬಹುದು, ಹಡಗಿನ ಧಣಿಯೂ ಏಳಬಹುದು. ಇಷ್ಟು ಸಣ್ಣ ಊರು, ಇಷ್ಟು ದೊಡ್ಡ ಮಾತು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಕೂಡಲಾಗಲಿಲ್ಲ. ಸೀಟು ಖಾಲಿ ಇದ್ದರೂ ನಿಂತೇ ಬಂದೆ.

ಸೋಮವಾರ ನೋಟ್‌ಬುಕ್ ಮುಚ್ಚಿಟ್ಟು ಬಾಯಿ ತೆರೆದರೆ ಹೊರಬಂದದ್ದು ನನ್ನ ಆಯಿಯ ಮಾತು. ಆಯಿ ಎಂದರೆ ಅಪ್ಪನ ತಾಯಿ. ನಾನು ಮಾತು ಕಲಿತದ್ದು ಆಕೆಯ ಮಗ್ಗುಲಲ್ಲಿ ಕುಳಿತು, ಕಟ್ಟೆಗೆ ಬರುತ್ತಿದ್ದ ಹಿರಿಯರ ಜಗಳ, ರಾಜಿ, ಹರಟೆ ಕೇಳಿ. ಪುಸ್ತಕದಲ್ಲಿ 'ನಿರ್ಭೀತ ಅಭಿವ್ಯಕ್ತಿ' ಎಂದಿದ್ದದ್ದು ನನ್ನ ಬಾಯಲ್ಲಿ 'ಮುಲಾಜಿಲ್ಲದ ಮಾತು' ಆಯಿತು. 'ಕಾನೂನಿನ ಮುಂದೆ ಸಮಾನತೆ' ಎಂಬುದು 'ಎಲ್ಲರಿಗೂ ಒಂದೇ ಮಾಪು' ಆಯಿತು. ಊರ ಕೆಲಸಕ್ಕೆ ಬಾರದೆ ತನ್ನ ಪಾಡಿಗೆ ತಾನಿರುವವನಿಗೆ ಗ್ರೀಕರು ಒಂದು ಹೆಸರಿಟ್ಟಿದ್ದರು, ಅದೇ ಮುಂದೆ ಇಂಗ್ಲಿಷಿನಲ್ಲಿ 'ಈಡಿಯಟ್' ಎಂಬ ಬೈಗುಳವಾಯಿತು ಎಂದಾಗ ಇಡೀ ಕ್ಲಾಸು ನಕ್ಕಿತು, ಹಿಂದಿನ ಬೆಂಚೂ ಸೇರಿ.

ಆಗಿನಿಂದ ಒಂದು ನೇಮ ಮಾಡಿಕೊಂಡೆ. ಈ ಅಧ್ಯಾಯದಲ್ಲಿ ತತ್ವಜ್ಞಾನಿಗಳ ಹೆಸರನ್ನು ಮೊದಲು ಹೇಳುವುದಿಲ್ಲ. ಹೆಸರು ಹೇಳಿದರೆ ಹುಡುಗರು ಅದಕ್ಕೆ ಗೆರೆ ಎಳೆದು ವಿಚಾರ ಬಿಟ್ಟುಬಿಡುತ್ತಾರೆ. ಪ್ರಶ್ನೆ ಕೇಳುತ್ತ ಸಂತೆ ಸುತ್ತಿದ ಮುದುಕ, ಅವನ ಶಿಷ್ಯ, ಆ ಶಿಷ್ಯನ ಶಿಷ್ಯ ಎಂದಷ್ಟೇ ಹೇಳಿ, ಹೆಸರುಗಳನ್ನು ಪರೀಕ್ಷೆಗೆ ಎಂಟು ದಿನ ಇರುವಾಗ ಕೊಡುತ್ತಿದ್ದೆ. ಇಲ್ಲಿಯೂ ಕೊಡುವುದಿಲ್ಲ; ಪರೀಕ್ಷೆ ಇಲ್ಲವಲ್ಲ.

ಕಾಕಾ ಒಂದು ದಿನ ಚಹದ ಕಪ್ಪು ಹಿಡಿದು ಕಿಟಕಿಯ ಹೊರಗೆ ನಿಂತು ಪೂರ್ತಿ ಪಾಠ ಕೇಳಿದರು. ಬೈಯುತ್ತಾರೆ ಎಂದುಕೊಂಡೆ.

"ನೀ ಹೇಳಿದ್ದು ಸಿಲಬಸ್‌ನಾಗ ಅದ ಏನು?" ಎಂದರು.

"ಅದರಿ ಕಾಕಾ. ಅದೇ ಅಧ್ಯಾಯ."

"ಹಂಗಿದ್ರ ಇಷ್ಟು ವರ್ಷ ನಾ ಏನು ಕಲಿಸಿದೆ?"

ಮರುವಾರದಿಂದ ಕಾಕಾ ಪ್ರತಿ ಗುರುವಾರ ಬಂದು ಮೂರನೇ ಬೆಂಚಿನಲ್ಲಿ ಕುಳಿತುಕೊಳ್ಳತೊಡಗಿದರು. ಇಂಥ ಮೇಲಧಿಕಾರಿ ಸಿಕ್ಕರೆ, ಅಶ್ವಿನಿ, ಬಿಡಬೇಡ.

ಅಲ್ಲಿಂದ ಅಫಜಲಪುರಕ್ಕೆ ಹೋದೆ. ಅಲ್ಲಿನ ಕಾಲೇಜಿನಲ್ಲಿ ತರಗತಿ ಪ್ರತಿನಿಧಿಯ ಚುನಾವಣೆ ಎಂದರೆ ದೊಡ್ಡ ಗದ್ದಲ. ಎರಡು ದೊಡ್ಡ ಮನೆಗಳ ಹುಡುಗರು ನಿಲ್ಲುವರು. ಒಂದು ವರ್ಷ ಇವನು, ಮರುವರ್ಷ ಅವನು. ಉಳಿದವರು ಕೂಗಲಿಕ್ಕೆ ಮಾತ್ರ. ನನಗೆ ಆ ವೇಳೆಗೆ ಅಥೆನ್ಸಿನ ಒಂದು ಸಂಗತಿ ತಲೆಗೆ ಹತ್ತಿತ್ತು. ಅವರು ಹೆಚ್ಚಿನ ಅಧಿಕಾರಿಗಳನ್ನು ಮತ ಹಾಕಿ ಆರಿಸುತ್ತಿರಲಿಲ್ಲ, ಚೀಟಿ ಎತ್ತುತ್ತಿದ್ದರು! ಮತ ಹಾಕಿದರೆ ಈಗಾಗಲೇ ದೊಡ್ಡವನಾದವನೇ ಗೆಲ್ಲುತ್ತಾನೆ, ಚೀಟಿ ಎತ್ತಿದರೆ ಯಾರಾದರೂ ಬರಬಹುದು. ಹಾಗಾಗಿ ಚೀಟಿಯೇ ಪ್ರಜೆಗಳ ದಾರಿ ಎಂಬುದು ಅವರ ತಿಳಿವಳಿಕೆ. ನಾವು ಇಂದು ಪ್ರಜಾಪ್ರಭುತ್ವ ಎಂದರೆ ಚುನಾವಣೆ ಎನ್ನುತ್ತೇವೆ. ಅವರು ಕೇಳಿದ್ದರೆ ನಗುತ್ತಿದ್ದರೇನೋ. ಈಗಿನ ಚಿಂತಕರಲ್ಲಿ ಕೆಲವರು ಅದನ್ನೇ ಮತ್ತೆ ಎತ್ತಿಕೊಂಡು, ಸಾಮಾನ್ಯರನ್ನು ಚೀಟಿಯಿಂದ ಆರಿಸಿ ದೊಡ್ಡ ಪ್ರಶ್ನೆಗಳನ್ನು ಅವರ ಮುಂದೆ ಇಡಬೇಕು ಎನ್ನುತ್ತಿದ್ದಾರೆ.

ಇದನ್ನು ಕ್ಲಾಸಿನಲ್ಲಿ ಹೇಳಿದೆ. ಹುಡುಗರು, ಹಾಗಾದರೆ ನಾವೂ ಚೀಟಿ ಎತ್ತೋಣ ಎಂದರು. ಪ್ರಿನ್ಸಿಪಾಲರು ಕರೆಸಿದರು.

"ಏನ್ರಿ ಮಾಸ್ತರ್ರ, ಲೀಡರ್ ಮಾಡಾಕ ಚೀಟಿ ಎತ್ತಾಕತ್ತೀರಂತ. ನಾಳೆ ನನ್ನ ಕುರ್ಚಿಗೂ ಎತ್ತತೀರೇನು?"

"ಅಥೆನ್ಸಿನಾಗ ಎತ್ತತಿದ್ರರಿ ಸರ್."

"ಇದು ಅಫಜಲಪುರ ಅದರಿ."

ಅಂದರೂ ಬೇಡ ಎನ್ನಲಿಲ್ಲ. ಕ್ಯಾಂಟೀನಿನಿಂದ ಚುರುಮುರಿ ಸುಸಲಾದ ಖಾಲಿ ಡಬ್ಬಿ ತಂದೆವು. ಚೀಟಿ ಬಂದದ್ದು ಮಣ್ಣೂರಿನ ಯಲ್ಲಪ್ಪನ ಹೆಸರಿಗೆ. ಹಾಜರಿ ಕರೆದಾಗ ಬಿಟ್ಟರೆ ಆ ಹುಡುಗನ ದನಿ ಯಾರೂ ಕೇಳಿರಲಿಲ್ಲ. "ನಾ ವಲ್ಲೆರಿ ಸರ್" ಎಂದು ಎರಡೂ ಕೈ ಆಡಿಸಿದ. ವಲ್ಲೆ ಎನ್ನುವವನೇ ಬೇಕಾಗಿರುವುದು ಎಂದು ಕೂರಿಸಿದೆ. ಕಾಲೇಜಿನ ಗ್ರಂಥಾಲಯಕ್ಕೆ ಆಗ ಸದಾ ಬೀಗ. ಯಲ್ಲಪ್ಪ ಭಾಷಣ ಮಾಡಲಿಲ್ಲ, ಗದ್ದಲ ಮಾಡಲಿಲ್ಲ. ದಿನಾ ಮಧ್ಯಾಹ್ನ ಒಂದು ಪುಸ್ತಕದ ಹೆಸರು ಬರೆದ ಚೀಟಿ ಹಿಡಿದು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂರತೊಡಗಿದ. ಮೂರನೇ ದಿನ ಅವನ ಜೊತೆ ನಾಲ್ಕು ಜನ, ವಾರ ಕಳೆಯುವುದರೊಳಗೆ ಮೆಟ್ಟಿಲು ಸಾಲದಷ್ಟು ಜನ. ಎಂಟನೇ ದಿನ ಬೀಗ ತೆರೆಯಿತು. ಪ್ರಿನ್ಸಿಪಾಲರು ವರಾಂಡದಲ್ಲಿ ಸಿಕ್ಕು, "ಮುಂದಿನ ವರ್ಷಾನೂ ಚೀಟಿನೇ ಎತ್ತರಿ" ಎಂದು ಹೇಳಿ, ನಾನು ಏನಾದರೂ ಹೇಳುವ ಮೊದಲೇ ಹೋಗಿಬಿಟ್ಟರು.

ಈ ಗೆಲುವು ತಲೆಗೇರಿತು. ಪಾಠ ಎಂದರೆ ಆಡಿ ತೋರಿಸುವುದೇ ಎಂದು ನಂಬಿಬಿಟ್ಟೆ. ಹೀಗೆ ನಂಬಿಕೊಂಡೇ ಆಳಂದಕ್ಕೆ ಬಂದೆ.

ಆಳಂದದಲ್ಲಿ ನಾನಿದ್ದದ್ದು ಒಂದು ಸಣ್ಣ ಖಾಸಗಿ ಕಾಲೇಜು, ಈಗ ಅದು ಮುಚ್ಚಿದೆ. ಗ್ರೀಕ್ ಅಧ್ಯಾಯಕ್ಕೆ ಸಿಕ್ಕಿದ್ದು ದಿನದ ಕೊನೆಯ ಪಿರಿಯಡ್. ಆ ಕ್ಲಾಸಿನಲ್ಲಿ ಸುವರ್ಣಾ ಎಂಬ ಹುಡುಗಿ ಇದ್ದಳು, ನಿಂಬರ್ಗಾದವಳು. ತಾಯಿ ಭೀಮಾಬಾಯಿ ಹೊಲದ ಕೂಲಿಗೆ ಹೋಗಿ ಓದಿಸುತ್ತಿದ್ದಳು. ನಾನು ಗುಡ್ಡದ ಮೇಲಿನ ಸಭೆಯನ್ನು ಮೈಮರೆತು ಬಣ್ಣಿಸುತ್ತಿದ್ದಾಗ ಎರಡನೇ ಬೆಂಚಿನಿಂದ ಕೈ ಮೇಲೆದ್ದಿತು.

"ಸರ್, ಒಂದು ಸವಾಲು. ಆ ಗುಡ್ಡದ ಮ್ಯಾಲ ಹೆಣ್ಮಕ್ಕಳು ಇದ್ರೇನ್ರಿ?"

"ಇರಲಿಲ್ಲ."

"ಗುಲಾಮರು ಇದ್ರೇನ್ರಿ?"

"ಅವರೂ ಇರಲಿಲ್ಲ."

"ಮತ್ತ ನೀವು 'ಎಲ್ಲಾರೂ ಕೂಡತಿದ್ರು' ಅಂದ್ರಲ್ಲರಿ."

ನೋಡಿ, ಮಾಸ್ತರನಿಗೆ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಸುಖವಿಲ್ಲ. ಗಂಟೆ ಹೊಡೆಯಿತು, ನಾನು ನಿಲ್ಲಿಸಲಿಲ್ಲ. ಆಕೆ ಕೇಳಿದ್ದು ಆಧುನಿಕರು ಗ್ರೀಕರಿಗೆ ಕೇಳಿದ ಪ್ರಶ್ನೆಯೇ ಎಂದೆ. 'ಎಲ್ಲರೂ' ಎಂಬ ಆಸೆಯನ್ನು ಅವರಿಂದ ತೆಗೆದುಕೊಂಡು, ಆ 'ಎಲ್ಲರೂ' ಯಾರು ಎಂದು ಎರಡು ಸಾವಿರ ವರ್ಷ ಜಗಳವಾಡಿದ್ದೇ ಇಂದಿನ ರಾಜಕೀಯ ಚಿಂತನೆ ಎಂದೆ. ಅಂದಿನಿಂದ ಸುವರ್ಣಾ ದಿನಾ ಕೇಳುವಳು, ದಿನಾ ಗಂಟೆಯ ಮೇಲೆ ಹತ್ತು ನಿಮಿಷ, ಕಾಲು ಗಂಟೆ ನಾನು ಹೇಳುತ್ತಿದ್ದೆ. ಎಷ್ಟು ಸೊಗಸಾಗಿ ನಡೆದಿತ್ತೆಂದರೆ, ರಾತ್ರಿ ಯಾವಾಗ ಬೆಳಗಾದೀತು, ಆ ಕೊನೆಯ ಪಿರಿಯಡ್ ಯಾವಾಗ ಬಂದೀತು ಎನಿಸುತ್ತಿತ್ತು.

ಆಗ ಬೋಕಿಯ ಪಾಠ ಬಂತು. ಬೋಕಿ ಎಂದರೆ ಒಡೆದ ಗಡಿಗೆಯ ಚೂರು. ಅಥೆನ್ಸಿನಲ್ಲಿ, ಒಬ್ಬ ಮನುಷ್ಯ ಅತಿ ಬೆಳೆದು ಊರಿಗೆ ಭಾರವಾಗುತ್ತಿದ್ದಾನೆ ಎನಿಸಿದರೆ, ನಾಗರಿಕರು ಬೋಕಿಯ ಮೇಲೆ ಅವನ ಹೆಸರು ಗೀಚಿ ಹಾಕುತ್ತಿದ್ದರು. ಅತಿ ಹೆಚ್ಚು ಬೋಕಿ ಬಿದ್ದವನು ಹತ್ತು ವರ್ಷ ಊರು ಬಿಡಬೇಕು. ತಪ್ಪು ಮಾಡಿರಬೇಕೆಂದಿಲ್ಲ, ವಿಚಾರಣೆಯಿಲ್ಲ, ಅವನ ಮಾತು ಕೇಳುವುದಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಏನು ಸ್ವಾರಸ್ಯ? ಕುಂಬಾರರ ಓಣಿಗೆ ಹೋಗಿ ಒಂದು ಚೀಲ ಬೋಕಿ ಹೊತ್ತು ತಂದೆ. ಮೇಜಿನ ಮೇಲೆ ಸುರಿದಾಗ ಆದ ಸದ್ದಿಗೆ ಪಕ್ಕದ ಕ್ಲಾಸಿನವರು ಇಣುಕಿ ನೋಡಿದರು.

"ಒಬ್ಬೊಬ್ಬರು ಒಂದೊಂದು ಬೋಕಿ. ಯಾರು ಹೊರಗ ಹೋಗಬೇಕೋ ಅವರ ಹೆಸರು. ಹತ್ತು ವರ್ಷ ಬ್ಯಾಡ, ಹತ್ತು ನಿಮಿಷ ವರಾಂಡದಾಗ ನಿಂದ್ರೂದು," ಎಂದೆ.

ನನ್ನ ಹೆಸರೇ ಬರೆಯುತ್ತಾರೆ ಎಂದುಕೊಂಡಿದ್ದೆ. ಇಲ್ಲವಾದರೆ ಖಾಜಾನ ಹೆಸರು. ಖಾಜಾ ಕಿಣ್ಣಿ ಸುಲ್ತಾನದ ಹುಡುಗ, ಕ್ಲಾಸಿನ ನಗೆಗಾರ. ಅವತ್ತು ಇದ್ದದ್ದು ಮೂವತ್ತನಾಲ್ಕು ಜನ. ಒಂದೊಂದೇ ಬೋಕಿ ಎತ್ತಿ ಗಟ್ಟಿಯಾಗಿ ಓದಿದೆ. ಮೊದಲು ಖಾಜಾ, ನಗು. ಆಮೇಲೆ ಸುವರ್ಣಾ. ಮತ್ತೆ ಸುವರ್ಣಾ. ನಡುವೆ ಒಮ್ಮೆ ನಾನು, ಚಪ್ಪಾಳೆ. ಆಮೇಲೆ ಸುವರ್ಣಾ, ಸುವರ್ಣಾ, ಸುವರ್ಣಾ. ಹಿಂದಿನವರು ಡೆಸ್ಕು ಬಡಿಯುತ್ತಿದ್ದರು. ನಾನು ಕೊನೆಯ ಚೂರಿನವರೆಗೂ ಓದಿದೆ. ಇಪ್ಪತ್ತೊಂದು ಬೋಕಿಗಳ ಮೇಲೆ ಆಕೆಯ ಹೆಸರು.

"ನಿಯಮ ಅಂದ್ರ ನಿಯಮ," ಎಂದು ನಗುತ್ತಲೇ ಬಾಗಿಲು ತೋರಿಸಿದೆ.

ಆಕೆ ಎದ್ದು, ಪುಸ್ತಕ ಜೋಡಿಸಿ, ಚೀಲ ಹೆಗಲಿಗೆ ಹಾಕಿಕೊಂಡಳು. "ಚೀಲ ಯಾಕವ್ವಾ, ಹತ್ತು ನಿಮಿಷ ಅಷ್ಟೆ" ಎಂದೆ. ಆಕೆ ಬಾಗಿಲು ದಾಟಿ ಹೋದಳು. ಹತ್ತು ನಿಮಿಷ ಬಿಟ್ಟು ಕರೆಯಲು ಹೋದರೆ ವರಾಂಡ ಖಾಲಿ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಜ್ವರ ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಎಂಟು ದಿನವಾದ ಮೇಲೆ ಖಾಜಾ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ನಗೆಗಾರನ ಮುಖದಲ್ಲಿ ನಗು ಇರಲಿಲ್ಲ.

"ಸರ್, ಒಮ್ಮೆ ನಿಂಬರ್ಗಾಕ್ಕ ಹೋಗಿ ಬರ್ರಿ. ಆಕಿ ಸಾಲಿ ಬಿಟ್ಟಳಂತ. ತೊಗರಿ ಕೊಯ್ಯಾಕ ಹೋಗಾಕತ್ತಾಳಂತ."

ರವಿವಾರ ಹೋದೆ. ತೊಗರಿ ಕೊಯ್ಲಿನ ಹಂಗಾಮು. ಭೀಮಾಬಾಯಿ ಹೊಲದ ಬದುವಿನಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದಳು. ಸುವರ್ಣಾ ಕುಡುಗೋಲು ಕೆಳಗಿಟ್ಟು ನಮಸ್ಕಾರ ಮಾಡಿ ತಾಯಿಯ ಹಿಂದೆ ನಿಂತಳು. ಆಟ ಅದು, ಪಾಠಕ್ಕಾಗಿ ಆಡಿಸಿದ್ದು ಎಂದು ನಾನು ಹೇಳತೊಡಗಿದೆ. ಭೀಮಾಬಾಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಸರ್, ನೀವು ಶಾಣ್ಯಾ ಮಂದಿ. ನಿಮಗ ಆಟ ಇರಬಹುದು. ನಮ್ಮ ಮಾವನ್ನ, ಈಕಿ ಅಜ್ಜನ್ನ, ಊರು ಎರಡು ವರ್ಷ ಹೊರಗ ಇಟ್ಟಿತ್ತರಿ. ಯಾರದೋ ಬಿಟ್ಟಿ ಕೆಲಸಕ್ಕ ವಲ್ಲೆ ಅಂದಿದ್ದಕ್ಕ. ಗಿರಣಿಯವ ಜೋಳ ಬೀಸಿ ಕೊಡ್ತಿದ್ದಿಲ್ಲ. ಯಾರೂ ಮಾತಾಡಸ್ತಿದ್ದಿಲ್ಲ. ಆ ಊರು ಬಿಟ್ಟು ನಾವು ಇಲ್ಲಿಗಿ ಬಂದೇವಿ. ಇದನ್ನ ಕೇಳಿಕೋತ ಬೆಳೆದ ಹುಡುಗಿ ಈಕಿ."

ನಾನು ಬದುವಿನ ಮೇಲೆ ಕುಳಿತುಬಿಟ್ಟೆ. ಎರಡೂವರೆ ಸಾವಿರ ವರ್ಷದ ಹಿಂದಿನದು ಎಂದು ನಾನು ಚೀಲದಲ್ಲಿ ಹೊತ್ತು ತಂದದ್ದು ಈ ಮನೆಯಲ್ಲಿ ಮೊನ್ನೆ ಮೊನ್ನೆ ನಡೆದದ್ದಾಗಿತ್ತು. ಪುಸ್ತಕದಲ್ಲಿ ಓದುವಾಗ ನನಗೆ ರೋಮಾಂಚನವಾಗಿತ್ತು. ಗಿರಣಿಯ ಮುಂದೆ ಜೋಳದ ಬುಟ್ಟಿ ಹಿಡಿದು ನಿಂತವರು ನೆನಪಾಗಿರಲಿಲ್ಲ.

"ತಪ್ಪಾತವ್ವಾ," ಎಂದೆ. "ಸುವರ್ಣಾ, ನೀ ಬಾ. ಆ ಇಪ್ಪತ್ತೊಂದು ಮಂದಿ ಕಡಿಂದ ಮಾಫಿ ಕೇಳಸ್ತೇನಿ."

ಆಕೆ ಮೊದಲ ಸಲ ಬಾಯಿ ತೆರೆದಳು. "ಅವರ ಮಾಫಿ ಯಾಕ್ರಿ ಸರ್? ಬೋಕಿ ತಂದವರು ನೀವು. ಓದಿದವರೂ ನೀವು."

"ಏ ಸುವರ್ಣಾ, ಗುರುಗಳಿಗಿ ಹಂಗ ಅಂತಾರೇನಬೇ," ಎಂದಳು ತಾಯಿ.

"ಅನ್ಲಿ ಬಿಡ್ರಿ," ಎಂದೆ. ಮುಲಾಜಿಲ್ಲದ ಮಾತು ಎಂದು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ, ಅದು ನನ್ನ ಮೇಲೆಯೇ ಬಂದಾಗ ಹೇಗಿರುತ್ತದೆ ಎಂದು ಅವತ್ತು ತಿಳಿಯಿತು.

"ಅಥೆನ್ಸಿನಾಗ ಅಧಿಕಾರ ನಡಿಸಿದವ ವರ್ಷ ಮುಗಿದ ಮ್ಯಾಲ ಮಂದಿ ಮುಂದ ನಿಂದ್ರಬೇಕು, ಯಾರು ಏನು ಕೇಳಿದ್ರೂ ಜವಾಬು ಕೊಡಬೇಕು ಅಂತ ನೀವೇ ಹೇಳಿದ್ರಿ. ನೀವು ನಿಂದ್ರತೀರೇನ್ರಿ?" ಎಂದು ಸುವರ್ಣಾ ಕೇಳಿದಳು.

"ನಿಂದ್ರತೇನಿ."

ಭೀಮಾಬಾಯಿ ನನ್ನನ್ನೂ ಮಗಳನ್ನೂ ನೋಡಿದಳು. "ನಾಳೆ ಒಂದು ದಿನ ಕಳಸ್ತೇನಿ. ಮರುದಿನ ಹೋಗೂದು ಬಿಡೂದು ಆಕಿ ಮರ್ಜಿ. ಆಕಿ ವಲ್ಲೆ ಅಂದ್ರ ನೀವು ಮತ್ತ ಕರ್ಯಾಕ ಬರಬ್ಯಾಡ್ರಿ ಸರ್," ಎಂದು ಹೇಳಿ, ಅರ್ಧ ರೊಟ್ಟಿ ಪುಂಡಿಪಲ್ಯದ ಜೊತೆ ನನ್ನ ಕೈಗೂ ಕೊಟ್ಟಳು.

ಸೋಮವಾರ ಕೊನೆಯ ಪಿರಿಯಡ್. ಮೇಜನ್ನು ಪಕ್ಕಕ್ಕೆ ಸರಿಸಿ ಕ್ಲಾಸಿನ ಎದುರು ನಿಂತೆ. ಅಲ್ಲಿನ ನ್ಯಾಯಾಲಯಗಳಲ್ಲಿ ತೂತಿನ ಗಡಿಗೆಯಿಂದ ನೀರು ಸೋರುವವರೆಗೆ ಮಾತ್ರ ಮಾತಾಡಬಹುದಿತ್ತು ಎಂದು ಹಿಂದೆ ಹೇಳಿದ್ದೆ. ಬೆಳಿಗ್ಗೆಯೇ ಸುದ್ದಿ ತಿಳಿದಿದ್ದ ಖಾಜಾ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ತೂತು ಹೊಡೆದು, ಕೆಳಗೊಂದು ಬಕೆಟ್ ಇಟ್ಟುಕೊಂಡು ತಯಾರಾಗಿದ್ದ. ಆ ಬಾಟಲಿ ನೋಡಿ ನನಗೆ ಒಳಗೊಳಗೇ ಹಿಗ್ಗು. ಶಿಕ್ಷೆಗೆ ನಿಂತವನು ಹಿಗ್ಗಬಾರದು ಎಂದು ಮುಖ ಬಿಗಿದುಕೊಂಡೆ.

ಒಬ್ಬ ಇಂಟರ್ನಲ್ ಮಾರ್ಕ್ಸ್ ಬಗ್ಗೆ ಕೇಳಿದ. ಇನ್ನೊಬ್ಬಳು, ನೀವು ಹುಡುಗರ ಹೆಸರು ಹಿಡಿದು ಕರೆಯುತ್ತೀರಿ, ನಮ್ಮನ್ನು 'ಏ ಹುಡುಗಿ' ಎನ್ನುತ್ತೀರಿ, ಯಾಕೆ ಎಂದಳು. ಅದು ನಿಜವಿತ್ತು, ಒಪ್ಪಿಕೊಂಡೆ. ಆಮೇಲೆ ಸುವರ್ಣಾ ಎದ್ದಳು.

"ಸರ್, ನನ್ನ ಹೆಸರು ಹತ್ತನೇ ಸಲ ಓದೂ ಮುಂದ, ಇದನ್ನ ನಿಲ್ಲಸಬೇಕಂತ ನಿಮಗ ಅನಿಸಿತ್ತೇನ್ರಿ?"

ಬಾಟಲಿ ಸೋರುವ ಸದ್ದು ಕೇಳುತ್ತಿತ್ತು. ಇಲ್ಲ ಎನ್ನಬಹುದಿತ್ತು.

"ಅನಿಸಿತ್ತು," ಎಂದೆ.

"ಮತ್ತ ಯಾಕ ನಿಲ್ಲಸಲಿಲ್ಲ?"

"ಪಾಠ ಭಾಳ ಚಲೋ ನಡೆದಿತ್ತು. ಅದು ಕೆಡಬಾರದು ಅಂತ."

ಅಶ್ವಿನಿ, ನನ್ನ ನೌಕರಿಯ ಅತಿ ದೊಡ್ಡ ತಪ್ಪು ಇದೇ. ಪಾಠದ ಮೇಲಿನ ಪ್ರೀತಿ ಎದುರಿಗೆ ಕುಳಿತವಳ ಮುಖವನ್ನು ಮರೆಸಿತು. ಹುಮ್ಮಸ್ಸು ಬೇಡ ಎನ್ನುತ್ತಿಲ್ಲ. ಅದಿಲ್ಲದಿದ್ದರೆ ಕಾಕಾನ ನೋಟ್‌ಬುಕ್ಕೇ ಗತಿ. ಆದರೆ ಕ್ಲಾಸು ಕುಣಿಯುತ್ತಿರುವಾಗ ಯಾರು ಕುಣಿಯುತ್ತಿಲ್ಲ ಎಂದು ನೋಡಿಕೊ.

ಶಿಕ್ಷೆಯ ಮಾತು ಬಂತು. ಅಲ್ಲಿ ಕೆಲವು ಮೊಕದ್ದಮೆಗಳಲ್ಲಿ ತಪ್ಪು ಮಾಡಿದವನೂ ಒಂದು ಶಿಕ್ಷೆ ಸೂಚಿಸಬೇಕು, ದೂರು ಕೊಟ್ಟವನೂ ಒಂದು ಸೂಚಿಸಬೇಕು, ಎರಡರಲ್ಲಿ ಒಂದನ್ನು ಸಭೆ ಆರಿಸಬೇಕು. ನಾನು ಹತ್ತು ನಿಮಿಷ ವರಾಂಡದಲ್ಲಿ ನಿಲ್ಲುತ್ತೇನೆ ಎಂದೆ.

"ಹೊರಗ ಹಾಕೂದು ಬ್ಯಾಡ್ರಿ," ಎಂದಳು ಸುವರ್ಣಾ. "ಸರ್ ಹಿಂದಿನ ಬೆಂಚಿಗಿ ಹೋಗಿ ಕುಂದರಬೇಕು. ಈ ಪಾಠದಾಗ ಅವರು ಹೇಳದೇ ಬಿಟ್ಟದ್ದು ಒಂದದ. ಅದನ್ನ ನಾ ಹೇಳ್ತೇನಿ."

ಎಲ್ಲ ಕೈಗಳೂ ಆಕೆಯ ಕಡೆ ಎದ್ದವು, ನನ್ನದೂ. ಹಿಂದಿನ ಬೆಂಚಿನಲ್ಲಿ ಖಾಜಾ ಸರಿದು ಜಾಗ ಬಿಟ್ಟ. "ಬರ್ರಿ ಸರ್, ಇಲ್ಲಿ ಗಾಳಿ ಛಂದ ಬರ್ತದ," ಎಂದ.

ಸುವರ್ಣಾ ಬೋರ್ಡಿನ ಮುಂದೆ ನಿಂತಳು. "ಈ ಬೋಕಿ ಪದ್ಧತಿ ಕಡೀಕ ಏನಾತು? ದೊಡ್ಡವರು ದೊಡ್ಡವರು ಒಳಗೊಳಗ ಕೂಡಿ, ತಮಗ ಬ್ಯಾಡಾದವನ ಮ್ಯಾಲ ಬೋಕಿ ಹಾಕಿಸಿದ್ರು. ಆಮ್ಯಾಲ ಅಥೆನ್ಸಿನವರಿಗೇ ಹೇಸಿಗಿ ಬಂದು ಬಿಟ್ಟುಬಿಟ್ರು. ಪುಸ್ತಕದಾಗ ಅದ, ಸರ್ ಇಷ್ಟು ಹೇಳಲಿಲ್ಲ. ಮಂದಿ ಕೂಡಿ ಆಳಬೇಕು ಅನ್ನೂದು ನಾವು ಅವರ ಕಡಿಂದ ತಗೊಂಡೇವಿ. ಆದ್ರ ಎಷ್ಟು ಮಂದಿ ಕೂಡಿದ್ರೂ ಒಬ್ಬರ ಮೈಮ್ಯಾಲ ಕೈ ಹಾಕಬಾರದು ಅನ್ನೂ ಒಂದು ಗೆರಿ ಅದ. ಅದನ್ನ ಅವರು ಎಳಿಲಿಲ್ಲ, ನಮ್ಮ ಸಂವಿಧಾನ ಎಳಿತು. ಇಪ್ಪತ್ತೊಂದು ಅಂದ್ರ ಹೆಚ್ಚು ಮಂದಿ. ಹೆಚ್ಚು ಮಂದಿ ಅಂದ್ರ ಖರೆ ಅಂತ ಅಲ್ಲ."

ಕುಳಿತಲ್ಲೇ ನನ್ನ ಮೈ ಜುಮ್ಮೆಂದಿತು. ಪ್ರಾಚೀನರ ಸ್ವಾತಂತ್ರ್ಯ ಕೂಡಿ ಆಳುವುದರಲ್ಲಿತ್ತು, ನಮ್ಮದು ನಮ್ಮನ್ನು ನಮ್ಮ ಪಾಡಿಗೆ ಬಿಡುವುದರಲ್ಲಿದೆ ಎಂದು ಇನ್ನೂರು ವರ್ಷದ ಹಿಂದೆ ಒಬ್ಬ ಚಿಂತಕ ಹೇಳಿದ್ದನ್ನು ನಾನು ಎಷ್ಟೋ ಸಲ ಬರೆಸಿದ್ದೆ. ಅದರ ಬೇರು ಎಲ್ಲಿದೆ ಎಂದು ಈ ಹುಡುಗಿ ತೊಗರಿ ಹೊಲದಿಂದ ಎದ್ದು ಬಂದು ತೋರಿಸುತ್ತಿದ್ದಳು.

"ಈಗ ನಂದೊಂದು ಸವಾಲು," ಎಂದಳು. "ಯಾರು ಬರದ್ರಿ ಅಂತ ಕೇಳಂಗಿಲ್ಲ. ಯಾಕ ಬರದ್ರಿ? ಕುಂತಲ್ಲೇ ಹೇಳ್ರಿ."

ನನ್ನ ಮಗ್ಗುಲಲ್ಲಿ ಕುಳಿತಿದ್ದ ಖಾಜಾ ನೆಲ ನೋಡುತ್ತ ಹೇಳಿದ.

"ನಾ ಬರದೀನಿ ಬೇ. ನಿನ್ನ ಮ್ಯಾಲ ಸಿಟ್ಟಲ್ಲ. ನೀ ಗಂಟಿ ಹೊಡಿಯೂ ವ್ಯಾಳ್ಯಾಕ್ಕ ಸವಾಲು ಕೇಳ್ತಿ. ಸರ್ ಖುಷಿ ಆಗಿ ಹೇಳಕೋತ ನಿಂದ್ರತಾರ. ನಮ್ಮ ಕಿಣ್ಣಿ ಸುಲ್ತಾನದ ಕಡಿ ಬಸ್ಸು ಹೋಗ್ತದ. ಅದು ಹೋತಂದ್ರ ಮುಂದಿನದು ಬರೂದ್ರಾಗ ಕತ್ತಲಾಗ್ತದ. ಹೆಣ್ಮಕ್ಕಳಿಗಿ ಮನ್ಯಾಗ ಬೈಗುಳ. ಇಬ್ಬರನ್ನ ಕಾಲೇಜ್ ಬಿಡಸ್ತೇವಿ ಅಂತಾನೂ ಅಂದಾರ."

ಸುವರ್ಣಾ ಸೀಮೆಸುಣ್ಣ ಹಿಡಿದುಕೊಂಡೇ ನಿಂತಿದ್ದಳು. "ನಮ್ಮೂರ ಬಸ್ಸು ತಡಾ ಮಾಡಿ ಬರ್ತದ. ನನಗ ಗೊತ್ತಿದ್ದಿಲ್ಲ ಖಾಜಾ. ಒಮ್ಮಿ ಹೇಳಬಾರದೇನಲೇ?"

"ನೀನರೆ ಎಲ್ಲಿ ಕೇಳಿದಿ? ಸರ್ ಅರೆ ಎಲ್ಲಿ ಕೇಳಿದ್ರು?"

ಯಾರೋ ಒಬ್ಬಳು ಫಕ್ಕನೆ ನಕ್ಕಳು. ಆಮೇಲೆ ಎಲ್ಲರೂ. ಸುವರ್ಣಾಳೂ ನಕ್ಕಳು, ಎಂಟು ಹತ್ತು ದಿನದ ಮೇಲೆ. ನನಗೆ ತಡೆಯಲಾಗಲಿಲ್ಲ. ಇಪ್ಪತ್ತೊಂದು ಬೋಕಿಗಳ ಮೇಲೆ ಬರೆಯಬೇಕಾಗಿದ್ದದ್ದು ನನ್ನ ಹೆಸರು ಎಂದು ಹೇಳಬೇಕಿತ್ತು. ಜನರ ಆಳ್ವಿಕೆ ಸೋಲುವುದು ಎಲ್ಲಿ ಎಂಬ ಬಗ್ಗೆ ಬಹುಮತವೇ ವಿಷ ಕುಡಿಸಿದ, ಸಂತೆ ಸುತ್ತಿದ ಆ ಮುದುಕನ ಕತೆಯಿಂದ ಇವತ್ತಿನವರೆಗೆ ಹೇಳಬೇಕಿತ್ತು, ಕೇಳಬೇಕಾದ ಪ್ರಶ್ನೆಯಂತೂ ನಾಲಿಗೆಯ ತುದಿಯಲ್ಲಿತ್ತು. ಕೈ ಮೇಲೆತ್ತಿದೆ. ನೋಡಲಿಲ್ಲವೇನೋ ಎಂದು ಇನ್ನೂ ಎತ್ತರಕ್ಕೆ ಎತ್ತಿ ಅರ್ಧ ಎದ್ದೆ.

ಹೊರಗೆ ಗಂಟೆ ಹೊಡೆಯಿತು. ಸುವರ್ಣಾ ಬೋರ್ಡು ಒರೆಸಿ, ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದಳು.

"ಕುಂದರ್ರಿ ಸರ್. ನಿಮ್ಮ ಸವಾಲು ನಾಳಿಗಿ ತಗೋತೇನಿ. ಕಿಣ್ಣಿ ಸುಲ್ತಾನದ ಬಸ್ಸು ಬಂದದ."